ಜಾದೂಗಾರ ಗುಟ್ಟು ಬಿಟ್ಟುಕೊಡಬೇಕೆ?

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ)



ಒಂದು ಸಹಕಾರ ಸಂಘವನ್ನು ಇಪ್ಪತ್ತೈದು ವರ್ಷ ನಡೆಸಿಕೊಂಡು ಬರುವುದು ಸುಲಭದ ಮಾತಲ್ಲ. ಅದಕ್ಕಾಗಿ ಮೊದಲು ನಮ್ಮ ತಂಡದ ಪರವಾಗಿ ನಿಮ್ಮೆಲ್ಲರಿಗೂ ಅಭಿನಂದನೆಗಳು. ಜಾದೂ ಆಟ ತೋರಿಸಲು ಬಂದ ನಮ್ಮನ್ನು ಆಟಕ್ಕೆ ಮುಂಚೆ ಸ್ವಲ್ಪ ಹೊತ್ತು ಮಾತಾಡಿ ಎಂದು ಕೇಳಿದ್ದೀರಿ. ವಿಷಯವನ್ನೂ ನೀವೇ ಕೊಟ್ಟಿದ್ದೀರಿ. ಜಾದೂಗಾರರು ತಮ್ಮ ಆಟದ ಗುಟ್ಟನ್ನು ಜನರಿಗೆ ಹೇಳಬೇಕೋ ಬೇಡವೋ ಅಂತ. ನಮ್ಮ ಹೊಟ್ಟೆಪಾಡನ್ನೇ ಚರ್ಚೆಗೆ ಇಟ್ಟಿದ್ದೀರಿ ಅನ್ನಿ.

ಯಾವ ಊರಿಗೆ ಹೋದರೂ ಆಟ ಮುಗಿದ ಮೇಲೆ ನಾಲ್ಕು ಜನ ಹತ್ತಿರ ಬರುತ್ತಾರೆ. "ಅದ್ಹೆಂಗೆ ಮಾಡಿದ್ರಿ ಸ್ವಾಮಿ, ನಮಗೊಬ್ಬರಿಗೆ ಹೇಳಿ, ಯಾರಿಗೂ ಹೇಳಲ್ಲ" ಅಂತಾರೆ. ನಾವು ನಕ್ಕು ಸುಮ್ಮನಾಗುತ್ತೇವೆ. ಗುಟ್ಟು ಬಹಳ ದೊಡ್ಡದು ಅಂತ ಅಲ್ಲ, ಬಹಳ ಸಣ್ಣದು ಅಂತ. ಒಂದು ದಾರ, ಒಂದು ಕನ್ನಡಿ, ಎರಡು ತಳದ ಡಬ್ಬಿ, ಬೆರಳ ಸಂದಿಯಲ್ಲಿ ಅಡಗಿದ ನಾಣ್ಯ. ಯಕ್ಷಿಣಿಯ ಗುಟ್ಟುಗಳಲ್ಲಿ ಮುಕ್ಕಾಲು ಪಾಲು ಇಷ್ಟೇ. ಹೇಳಿಬಿಟ್ಟರೆ "ಓ, ಇಷ್ಟೇನಾ" ಎಂದು ಎದ್ದು ಹೋಗುತ್ತೀರಿ. ಆ ನಾಣ್ಯ ಅಲ್ಲಿ ನಿಲ್ಲುವಂತೆ ವರ್ಷಗಟ್ಟಲೆ ಬೆರಳು ಪಳಗಿಸಿದ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಕಷ್ಟ ನೋಡಿ. ನೀವು ಬೆಳೆದ ಅಡಿಕೆಯನ್ನು ಕದ್ದರೆ ಪೊಲೀಸ್ ಠಾಣೆ ಉಂಟು. ಜಾದೂಗಾರನ ಗುಟ್ಟು ಕದ್ದರೆ ದೂರು ಎಲ್ಲಿ ಕೊಡೋಣ? ಅಮೆರಿಕದಲ್ಲಿ ಹೊರೇಸ್ ಗೋಲ್ಡಿನ್ ಎಂಬ ಜಾದೂಗಾರನಿದ್ದ. ಪೆಟ್ಟಿಗೆಯಲ್ಲಿ ಹೆಂಗಸನ್ನು ಮಲಗಿಸಿ ಗರಗಸದಿಂದ ಎರಡು ಹೋಳು ಮಾಡುವ ಆಟಕ್ಕೆ ಅವನು 1923ರಲ್ಲಿ ಪೇಟೆಂಟ್ ಪಡೆದ. ಆದರೆ ಪೇಟೆಂಟ್ ಬೇಕಾದರೆ ಚಿತ್ರ ಸಮೇತ ವಿವರ ಕೊಡಬೇಕು, ಅದನ್ನು ಯಾರು ಬೇಕಾದರೂ ತರಿಸಿ ಓದಬಹುದು. ಮುಂದೆ ಒಂದು ಸಿಗರೇಟು ಕಂಪನಿ ತನ್ನ ಜಾಹೀರಾತಿನಲ್ಲಿ ಆ ಗುಟ್ಟನ್ನು ಅಚ್ಚು ಹಾಕಿಸಿತು. ಇವನು ಕೋರ್ಟಿಗೆ ಹೋದ. 1938ರಲ್ಲಿ ದಾವೆ ವಜಾ ಆಯಿತು. ಬೀಗ ಹಾಕಲು ಹೋಗಿ ಬೀಗದ ಕೈಯನ್ನೇ ಊರಿಗೆ ಹಂಚಿದಂತಾಯಿತು ಪಾಪ. ಆದ್ದರಿಂದ ನಮ್ಮ ಹೊಲಕ್ಕೆ ಇರುವುದು ಒಂದೇ ಬೇಲಿ, ಬಾಯಿ ಮುಚ್ಚಿಕೊಂಡಿರುವುದು. ಗೋಲ್ಡಿನ್‌ನಂಥವನಿಗೆ ಹತ್ತು ಆಟ ಇದ್ದಾವು. ಸಂತೆಯಲ್ಲಿ ಬಟ್ಟೆ ಹಾಸಿ ಕುಳಿತು ಮಣ್ಣಿನಿಂದ ಮಾವಿನ ಗಿಡ ಎಬ್ಬಿಸಿ ತೋರಿಸುವವನ ಹತ್ತಿರ ಇರುವುದೇ ನಾಲ್ಕು ಆಟ. ಅದರಲ್ಲಿ ಎರಡನ್ನು ಟಿ.ವಿ.ಯವರು ಬಯಲು ಮಾಡಿದರೆ ಅವನ ಮನೆಯ ಒಲೆ ಅರ್ಧ ಆರಿತು. ಜನರ ರಂಜನೆಗಾಗಿ ಆಡುವ ಆಟದ ಗುಟ್ಟನ್ನು ಬರೀ ಚಪ್ಪಾಳೆಗೋಸ್ಕರ ಬಿಚ್ಚುವುದು ನಮಗೆ ಸರಿ ಕಾಣುವುದಿಲ್ಲ.

ಇಷ್ಟಕ್ಕೇ ಮಾತು ಮುಗಿಸುವ ಹಾಗಿದ್ದರೆ ಚೆನ್ನಾಗಿತ್ತು. ಮುಗಿಯುವುದಿಲ್ಲ.

ನಮ್ಮ ದೇಶದ ಪಿ.ಸಿ. ಸರ್ಕಾರ್ ಅವರು 1956ರಲ್ಲಿ ಲಂಡನ್ನಿನ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಒಬ್ಬ ಹುಡುಗಿಯನ್ನು ಚಕ್ರಗರಗಸದಿಂದ ಕೊಯ್ದು ತೋರಿಸಿದರು. ಆಕೆ ಏಳುವ ಮೊದಲೇ ಕಾರ್ಯಕ್ರಮದ ಹೊತ್ತು ಮುಗಿದುಹೋಯಿತು. ಹುಡುಗಿ ಸತ್ತೇ ಹೋದಳು ಎಂದು ನೋಡುಗರು ಗಾಬರಿಬಿದ್ದು ಬಿ.ಬಿ.ಸಿ.ಗೆ ಮುಗಿಬಿದ್ದು ಫೋನ್ ಮಾಡಿದರು. ಅವರೆಲ್ಲ ಓದು ಬರಹ ಬಲ್ಲವರು, ನೋಡುತ್ತಿರುವುದು ಜಾದೂ ಎಂದು ಗೊತ್ತಿದ್ದವರು. ಆಟ ಅಂತ ಹೇಳಿ ಆಡಿದಾಗಲೇ ಹೀಗಾದರೆ, ಇದು ಆಟವಲ್ಲ, ನನ್ನ ಶಕ್ತಿ ಅಂತ ಹೇಳಿ ಆಡುವವನು ಬಂದಾಗ ಏನಾದೀತು?

ತಾಯಂದಿರು ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಗಂಡಸರು ತೋಟಕ್ಕೆ ಹೋದ ಹೊತ್ತಿನಲ್ಲಿ ಒಡವೆ ಪಾಲಿಶ್ ಮಾಡುವವರು ಬರುತ್ತಾರೆ. ಮೊದಲು ಹಿತ್ತಾಳೆ ದೀಪ ತಿಕ್ಕಿ ಫಳಫಳ ಮಾಡಿಕೊಡುತ್ತಾರೆ. ಆಮೇಲೆ ಬೆಳ್ಳಿ ಕಾಲುಂಗುರ. ನಂಬಿಕೆ ಬಂತು ಅನ್ನುವಾಗ ಚಿನ್ನದ ಸರ ಕೇಳುತ್ತಾರೆ. ಅವರ ದ್ರವ ನೈಟ್ರಿಕ್ ಆಮ್ಲ, ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ್ದು. ಒಂದೊಂದೇ ಆದರೆ ಚಿನ್ನಕ್ಕೆ ಏನೂ ಆಗುವುದಿಲ್ಲ, ಎರಡೂ ಸೇರಿದರೆ ಚಿನ್ನ ಕರಗುತ್ತದೆ. ಸರ ಹೊಳೆಯುವುದು ನಿಜ, ಮೇಲಿನ ಪದರ ದ್ರವದೊಳಕ್ಕೆ ಇಳಿದಿರುವುದೂ ನಿಜ. ಬಳಿಕ ಅದನ್ನು ಅರಿಶಿನದ ನೀರಿನ ಡಬ್ಬಿಗೆ ಹಾಕಿ "ಅಮ್ಮಾ, ಅರ್ಧ ಗಂಟೆ ಮುಚ್ಚಳ ತೆಗೀಬೇಡಿ" ಅಂತ ಹೇಳಿ ಹೋಗುತ್ತಾರೆ. ಆ ಅರ್ಧ ಗಂಟೆಯಲ್ಲೇ ನಮ್ಮ ವಿದ್ಯೆಯ ಜೀವಾಳ ಇದೆ. ಕೈಚಳಕ ನಡೆದ ಗಳಿಗೆಗೂ ನೀವು ನೋಡುವ ಗಳಿಗೆಗೂ ನಡುವೆ ಎಡೆ ಬಿಡಬೇಕು ಎಂಬುದು ಜಾದೂಗಾರ ಮೊದಲು ಕಲಿಯುವ ಪಾಠ. ಅವನು ಅದನ್ನು ಬಸ್ ಹಿಡಿಯಲು ಬಳಸುತ್ತಾನೆ, ಅಷ್ಟೇ ವ್ಯತ್ಯಾಸ.

ರೈಸ್ ಪುಲ್ಲರ್ ಅಂತ ಇನ್ನೊಂದಿದೆ. ಹಳೆಯ ತಾಮ್ರದ ಚೊಂಬು, ಸಿಡಿಲು ಬಡಿದದ್ದು, ಅಕ್ಕಿಯನ್ನು ಎಳೆಯುತ್ತದೆ, ಕೋಟಿಗಟ್ಟಲೆ ಬೆಲೆ ಬಾಳುತ್ತದೆ ಎಂದು ನಂಬಿಸಿ ಪರೀಕ್ಷೆಯ ಖರ್ಚಿಗೆ ಅಂತ ಲಕ್ಷ ಲಕ್ಷ ಕೀಳುತ್ತಾರೆ. ಅಕ್ಕಿ ಕಾಳಿಗೆ ಕಬ್ಬಿಣದ ಪುಡಿ ಹಚ್ಚಿರುತ್ತಾರೆ, ಚೊಂಬಿನೊಳಗೆ ಅಯಸ್ಕಾಂತ ಇರುತ್ತದೆ. ಮಾಟ ತೆಗೆಯುವವನು ನಿಂಬೆಹಣ್ಣು ಕೊಯ್ದರೆ ರಕ್ತ ಬರುತ್ತದಲ್ಲ, ಅದು ಅವನ ಚಾಕುವಿಗೆ ಮೊದಲೇ ತಿಕ್ಕಿ ಒಣಗಿಸಿದ ದಾಸವಾಳದ ರಸ. ಹುಳಿ ತಾಗಿದೊಡನೆ ಕೆಂಪಾಗುತ್ತದೆ. ಇಂದು ಸಂಜೆ ನಿಮ್ಮ ಮನೆಯಲ್ಲೇ ಮಾಡಿ ನೋಡಿ.

ಈಗ ನಾವು ಮೂರು ಗುಟ್ಟು ಹೇಳಿಬಿಟ್ಟೆವು. ನಿಂಬೆಹಣ್ಣಿನ ಆಟವನ್ನು ವೇದಿಕೆಯಲ್ಲಿ ಆಡುವ ಜಾದೂಗಾರರೂ ಇದ್ದಾರೆ. ಅವರಿಗೆ ನಷ್ಟ ಅಲ್ಲವೇ? ನಷ್ಟವೇ. ಈ ಸಂಕಟ ಇಂದಿನದಲ್ಲ. ಇಂಗ್ಲೆಂಡಿನಲ್ಲಿ ರೆಜಿನಾಲ್ಡ್ ಸ್ಕಾಟ್ ಎಂಬಾತ 1584ರಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಮಾಟಗಾತಿಯರೆಂದು ಹೆಸರಿಟ್ಟು ಬಡ ಮುದುಕಿಯರನ್ನು ಕೊಲ್ಲುತ್ತಿದ್ದ ಕಾಲ ಅದು. ಮಾಟ ಎಂದು ನೀವು ಹೆದರುವುದನ್ನು ಸಂತೆಯ ಆಟಗಾರನೂ ಮಾಡುತ್ತಾನೆ ಎಂದು ತೋರಿಸಲು ಅವನು ನಾಣ್ಯ ಮಾಯ ಮಾಡುವುದು, ನಾಲಿಗೆಗೆ ದಬ್ಬಳ ಚುಚ್ಚುವುದು, ತಲೆ ಕತ್ತರಿಸುವುದು ಎಲ್ಲವನ್ನೂ ಚಿತ್ರ ಬರೆದು ವಿವರಿಸಿದ. ಅದೇ ಪುಸ್ತಕದಲ್ಲಿ, ಈ ವಿದ್ಯೆಯಿಂದಲೇ ಬದುಕುವ ಬಡವರಿಗೆ ನನ್ನಿಂದ ತೊಂದರೆಯಾಗುತ್ತದಲ್ಲಾ ಎಂದು ಮರುಗಿಯೂ ಇದ್ದಾನೆ. ಮರುಗಿದ, ಆದರೂ ಬರೆದ. ನಮಗೆ ಆ ಮನುಷ್ಯನ ಮೇಲೆ ಬಹಳ ಗೌರವ. ಆಟಗಾರನಿಗೆ ಹೋಗುವುದು ಒಂದು ಆಟ, ಇನ್ನೊಂದನ್ನು ಕಲಿತಾನು. ಮುದುಕಿಗೆ ಹೋಗುವುದು ಪ್ರಾಣ.

ಗುಟ್ಟು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೌಡಿನಿಯ ಕಥೆ ಇದೆ. ಬೇಡಿ ಬೀಗಗಳಿಂದ ಬಿಡಿಸಿಕೊಂಡು ಬರುತ್ತಿದ್ದ ಹೆಸರಾಂತ ಜಾದೂಗಾರ. ಷರ್ಲಾಕ್ ಹೋಮ್ಸ್ ಕಥೆ ಬರೆದ ಕಾನನ್ ಡಾಯ್ಲ್ ಅವನ ಗೆಳೆಯ. 1922ರಲ್ಲಿ ಡಾಯ್ಲ್ ಅವರ ಹೆಂಡತಿ, ಸತ್ತುಹೋಗಿದ್ದ ಹೌಡಿನಿಯ ತಾಯಿಯ ಆತ್ಮ ಬರೆಸಿತೆಂದು ಹಾಳೆಗಟ್ಟಲೆ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಟ್ಟರು. ಆ ತಾಯಿಗೆ ಇಂಗ್ಲಿಷೇ ಬರುತ್ತಿರಲಿಲ್ಲ! ಸ್ನೇಹ ಮುರಿಯಿತು. ಆತ್ಮದ ಹೆಸರಿನಲ್ಲಿ ಹಣ ಮಾಡುವವರ ತಂತ್ರಗಳನ್ನು ಹೌಡಿನಿ ಊರೂರಿನಲ್ಲಿ ಬಯಲು ಮಾಡಿದ. ತನ್ನ ಸ್ವಂತ ಆಟಗಳ ಗುಟ್ಟನ್ನು ಮಾತ್ರ ಗೆಳೆಯನಿಗೆ ಹೇಳಲಿಲ್ಲ, ಇದು ಬರೀ ವಿದ್ಯೆ ಎಂದಷ್ಟೇ ಹೇಳಿದ. ಡಾಯ್ಲ್ ನಂಬಲಿಲ್ಲ. ಹೌಡಿನಿಗೇ ದೈವಶಕ್ತಿ ಇತ್ತು, ಮುಚ್ಚಿಡುತ್ತಿದ್ದ ಎಂದು ಅವನು ಸತ್ತ ಮೇಲೂ ಬರೆದರು. ಅಂಥ ಬುದ್ಧಿವಂತರೇ ಹೀಗೆ. ಹಾಗಾಗಿ ಬರೀ ಬಾಯಿಮಾತಿನಲ್ಲಿ "ಇದು ಆಟ" ಅಂದರೆ ಸಾಲದು, ಕೆಲವನ್ನು ಬಿಚ್ಚಿ ಕೈಗೆ ಕೊಡಲೇಬೇಕು.

ನಮ್ಮ ನಾಡಿನಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿದ್ದ ಬಿ. ಪ್ರೇಮಾನಂದ್ ಊರೂರು ತಿರುಗಿ, ಮೊದಲು ಪವಾಡ ಮಾಡಿ, ಆಮೇಲೆ ಗುಟ್ಟು ಹೇಳುತ್ತಿದ್ದರು. ಅವರು 2009ರಲ್ಲಿ ತೀರಿಕೊಂಡರು. ಮಾಟಮಂತ್ರದ ವಂಚನೆ ವಿರುದ್ಧ ಕರ್ನಾಟಕದ ಕಾಯಿದೆ 2017ರಲ್ಲಿ ಬಂದು 2020ರಲ್ಲಿ ಜಾರಿಯಾಯಿತು. ಕಾಯಿದೆ ಬೇಕು. ಆದರೆ ಕಾಯಿದೆ ಬರುವುದು ಸರ ಹೋದ ಮೇಲೆ, ಗುಟ್ಟು ಗೊತ್ತಿದ್ದರೆ ಸರ ಹೋಗುವುದೇ ಇಲ್ಲ.

ಹಾಗಾದರೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು? ನಮ್ಮ ತಂಡದಲ್ಲಿ ಈ ಬಗ್ಗೆ ಜಗಳವೇ ಆಗಿದೆ. ಹಿರಿಯರೊಬ್ಬರು ಇಂದಿಗೂ ಒಂದನ್ನೂ ಹೇಳಬಾರದು ಅಂತಾರೆ. ಉಳಿದ ನಾವು ನೋಡುವುದು ಇಷ್ಟೇ: ಆಟ ನೋಡಿ ಮನೆಗೆ ಹೋದವನ ಜೇಬಿನಿಂದ ಟಿಕೆಟ್ ದುಡ್ಡಿಗಿಂತ ಹೆಚ್ಚು ಏನಾದರೂ ಹೋಯಿತೇ? ಹೋಗುತ್ತಿದೆ ಅಂತಾದರೆ ಆ ಗುಟ್ಟು ನಮ್ಮದಲ್ಲ, ನಿಮ್ಮದು. ನಿಮ್ಮ ಸಂಘದ ಅಢಾವೆ ಪತ್ರಿಕೆಯನ್ನು ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆಯಲ್ಲಿ ಓದುತ್ತಾರಲ್ಲ, ಅಲ್ಲಿ ಯಾರಾದರೂ "ಅರ್ಧ ಗಂಟೆ ಮುಚ್ಚಳ ತೆಗೀಬೇಡಿ" ಅಂದರೆ ಸುಮ್ಮನಿರುತ್ತೀರಾ?

ಕೊನೆಗೆ ಒಂದು ಕೆಲಸದ ಮಾತು. ಪಾಲಿಶ್‌ನವನಿಗೆ ಯಾರಾದರೂ ಸರ ಕೊಟ್ಟುಬಿಟ್ಟರೆ, ಮುಚ್ಚಳವನ್ನು ಆಗಲೇ ತೆಗೆಯಿರಿ, ಸಂಘದ ತಕ್ಕಡಿಯಲ್ಲಿ ತೂಗಿಸಿ. ಅವನು ದ್ರವವನ್ನು ಬಿಟ್ಟು ಓಡಿದರೆ ಅದನ್ನು ಚೆಲ್ಲಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ. ಹಾಗೇ ಪೊಲೀಸರಿಗೆ ಒಪ್ಪಿಸಿ. ನಿಮ್ಮ ಚಿನ್ನ ಅದರೊಳಗೇ ಇರುತ್ತದೆ, ಬಲ್ಲವರು ಅದನ್ನು ಮತ್ತೆ ಹೊರಗೆ ತೆಗೆಯಬಲ್ಲರು.

ಮಕ್ಕಳು ಆಗಲೇ ಚಡಪಡಿಸುತ್ತಿದ್ದಾರೆ. ಈಗ ಮೂರು ಬಟ್ಟಲಿನ ಆಟ ತೋರಿಸುತ್ತೇವೆ. ಅದರಿಂದ ಯಾರ ಸರವೂ ಹೋಗುವುದಿಲ್ಲ, ಆದ್ದರಿಂದ ಅದರ ಗುಟ್ಟು ಮಾತ್ರ ಕೇಳಬೇಡಿ.