ಗಾಯ ಮಾಯ್ದ ಮೇಲೂ ಜೋಪಾನ ಬೇಕು

(ಕೊಕಟನೂರಿನ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಹುಟ್ಟಿದ ಕೂಸಿನ ಮೈ ಹಳದಿ ಆದರೆ ನಾವು “ಕಾಮಣಿ, ತಾನಾಗೇ ಹೋಗ್ತದ ಬಿಡ್ರಿ” ಅಂತೇವೆ. ಬಹಳಷ್ಟು ಕೂಸುಗಳಿಗೆ ಹೋಗುತ್ತದೆ. ಆದರೆ ಎರಡು ವಾರ ದಾಟಿದರೂ ಹಳದಿ ಉಳಿದು, ಹೇಲು ಸುಣ್ಣದಂಗ ಬೆಳ್ಳಗಾಗಿ, ಉಚ್ಚೆ ಅರಿವೆಗೆ ಹಳದಿ ಕಲೆ ಹಚ್ಚಿದರೆ ಸುಮ್ಮನೆ ಕೂಡಬಾರದು. ಯಕೃತ್ತಿನಿಂದ ಕರುಳಿಗೆ ಪಿತ್ತ ಹರಿಯುವ ನಾಳ ಮುಚ್ಚಿರಬಹುದು. ಬರೆ ಹಾಕಿಸುವುದು, ಬೇರು ಕಟ್ಟಿಸುವುದು ಬ್ಯಾಡ. ಆಶಾ ಅಕ್ಕನಿಗೆ ತಿಳಿಸಿ, ಕೂಡಲೇ ಡಾಕ್ಟರರಿಗೆ ತೋರಿಸಬೇಕು.

ಇದಕ್ಕೆ ಮಾಡುವುದು ಕಸಾಯಿ ಆಪರೇಷನ್. ಹೆಸರು ಕೇಳಿ ಹೆದರಬ್ಯಾಡ್ರಿ. 1950ರ ದಶಕದಲ್ಲಿ ಇದನ್ನು ಕಂಡುಹಿಡಿದ ಜಪಾನಿನ ಡಾ. ಮೊರಿಯೊ ಕಸಾಯಿ ಅವರ ಮನೆತನದ ಹೆಸರು ಅದು. ಕೆಟ್ಟ ನಾಳ ತೆಗೆದು, ಕರುಳನ್ನೇ ಯಕೃತ್ತಿಗೆ ಜೋಡಿಸುತ್ತಾರೆ. ಕೂಸಿಗೆ 60 ದಿನ ತುಂಬುವುದರೊಳಗೆ ಆದರೆ ಗುಣ ಹೆಚ್ಚು.

ಆಪರೇಷನ್ ಆಯಿತೆಂದರೆ ಕೆಲಸ ಮುಗಿಯಲಿಲ್ಲ. ಎಷ್ಟೋ ಮಕ್ಕಳು ಶಾಲೆಗೆ ಹೋಗಿ, ಆಟ ಆಡಿ, ದೊಡ್ಡವರಾಗಿ ದುಡಿಯುತ್ತಾರೆ. ಆದರೆ ಯಕೃತ್ತು ಒಳಗೊಳಗೇ ಗಟ್ಟಿಯಾಗುತ್ತ ಹೋಗಬಹುದು. ಆದ್ದರಿಂದ ಮಗು ಚೆನ್ನಾಗಿ ಕಂಡರೂ ತಪಾಸಣೆ ತಪ್ಪಿಸಬಾರದು. ಎ, ಡಿ, ಇ, ಕೆ ವಿಟಮಿನ್ ಔಷಧ ಡಾಕ್ಟರರು ಹೇಳಿದಷ್ಟು ದಿನ ಕೊಡಬೇಕು. ಜ್ವರ ಬಂದರೆ, ಹಳದಿ ಮರಳಿದರೆ, ರಕ್ತ ವಾಂತಿಯಾದರೆ, ಹೇಲು ಡಾಂಬರಿನಂಗ ಕಪ್ಪಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೆಲವರಿಗೆ ಮುಂದೆ ಯಕೃತ್ತಿನ ಕಸಿ ಬೇಕಾಗುತ್ತದೆ. ಕಾಂಚೀಪುರದ ಸಂಜಯ್ ಕಂದಸಾಮಿ ಇದೇ ರೋಗದೊಂದಿಗೆ ಹುಟ್ಟಿದವರು. 1998ರಲ್ಲಿ, 20 ತಿಂಗಳ ಕೂಸಿದ್ದಾಗ, ದೆಹಲಿಯಲ್ಲಿ ತಂದೆಯ ಯಕೃತ್ತಿನ ತುಂಡನ್ನು ಅವರಿಗೆ ಜೋಡಿಸಿದರು. ಭಾರತದಲ್ಲಿ ಮಕ್ಕಳಿಗೆ ಯಶಸ್ವಿಯಾದ ಮೊದಲ ಯಕೃತ್ತಿನ ಕಸಿ ಅದು. ಆ ಕೂಸು ಬೆಳೆದು ಡಾಕ್ಟರ್ ಆಯಿತು!

ಇನ್ನೊಂದು ಮಾತು. ಬಸುರಿದ್ದಾಗ ತಾಯಿ ಅದು ತಿಂದಳು, ಇದು ತಿಂದಳು, ಗ್ರಹಣ ನೋಡಿದಳು ಎಂದು ದೂರುವುದು ತಪ್ಪು. ಇದು ಯಾರ ತಪ್ಪಿನಿಂದಲೂ ಬರುವ ರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹೆಣ್ಣುಮಗು ಎಂದು ಔಷಧ ನಿಲ್ಲಿಸುವುದು, ಹೊಟ್ಟೆಯ ಕಲೆ ಮುಚ್ಚಿಟ್ಟು ಶಾಲೆ ಬಿಡಿಸುವುದು ಇನ್ನೂ ದೊಡ್ಡ ತಪ್ಪು.

ಅಂಥ ಮಗು ನಮ್ಮ ಓಣಿಯಲ್ಲಿದ್ದರೆ ಸಂಘ ಏನು ಮಾಡಬಹುದು? ತಪಾಸಣೆಯ ತಾರೀಖು ನಮ್ಮ ಪುಸ್ತಕದಲ್ಲಿ ಬರೆದಿಡೋಣ. ಬಸ್ ಚಾರ್ಜಿಗೆ ತುರ್ತು ಸಾಲ ಕೊಡೋಣ. ತಾಯಿಯೊಂದಿಗೆ ಒಬ್ಬರು ಹೋಗೋಣ. ಉಳಿತಾಯ ಎಂದರೆ ಬರೀ ರೊಕ್ಕ ಕೂಡಿಸುವುದಲ್ಲ, ಜೀವ ಉಳಿಸುವುದೂ ಉಳಿತಾಯವೇ.