ಪಾಳಿಯಲ್ಲಿ ತಡ ಮಾಡುವವರು

(ಬೋರಾಮಣಿಯಲ್ಲಿ ಕೂಡಿದ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಆಡಿದ ಮಾತುಗಳು)



ಈ ಹೊತ್ತು ನಾವು ಎತ್ತಿಕೊಂಡಿರುವುದು ದೊಡ್ಡ ವಿಷಯವೇನಲ್ಲ. ಕೂಲಿ ದರ, ಬೋನಸ್ಸು, ಭವಿಷ್ಯ ನಿಧಿ ಇವುಗಳ ಬಗ್ಗೆ ಕಳೆದ ಸಲ ಮಾತಾಡಿದ್ದಾಗಿದೆ. ಇಂದಿನದು ಪಾಳಿಯ ಮಾತು. ಸೊಲ್ಲಾಪುರದ ಗಿರಣಿಗಳಲ್ಲಿ ದುಡಿದ ಹಿರಿಯರಿಗೆ ಪಾಳಿ ಎಂದರೆ ಶಿಫ್ಟು. ಮನೆಯ ಹೆಣ್ಣುಮಕ್ಕಳಿಗೆ ನಲ್ಲಿಯ ಮುಂದೆ ಕೊಡ ಇಡುವ ಸರದಿ. ಮರಾಠಿಯವರು ಸಾಲಿಗೆ ರಾಂಗ ಎನ್ನುತ್ತಾರೆ, ಕಾಫಿ ತೋಟಗಳಿಂದ ರಜೆಗೆ ಬಂದಿರುವ ನೀವು ಕ್ಯೂ ಎನ್ನುತ್ತೀರಿ. ಹೆಸರು ಏನೇ ಇರಲಿ, ನಮ್ಮಂಥವರ ಆಯುಷ್ಯದ ಒಂದು ಪಾಲು ಅದರಲ್ಲಿಯೇ ನಿಂತು ಕಳೆದುಹೋಗುತ್ತದೆ.

ಪಾಳಿಯಲ್ಲಿ ನಿಂತವನಿಗೆ ಯಾರ ಮೇಲೆ ಸಿಟ್ಟು ಬರುತ್ತದೆ? ಕಿಟಕಿಯ ಒಳಗೆ ಕುಳಿತವನ ಮೇಲೆ ಅಲ್ಲ. ಅವನ ಮೇಲೆ ಸಿಟ್ಟು ಮಾಡಿದರೆ ನಮ್ಮ ಕೆಲಸ ಕೆಡುತ್ತದೆ. ಸಿಟ್ಟು ಬರುವುದು ನಮಗಿಂತ ಎರಡು ಮೂರು ಆಳು ಮುಂದೆ ನಿಂತವರ ಮೇಲೆ. ಒಂದು ತಾಸು ಸುಮ್ಮನೆ ನಿಂತಿದ್ದು, ಕಿಟಕಿ ಮುಟ್ಟಿದ ಮೇಲೆ ಚೀಲದ ಗಂಟು ಬಿಚ್ಚಲು ತೊಡಗುತ್ತಾರೆ. ಕಾರ್ಡು ತೆಗೆದರೆ ಪುಸ್ತಕ ಸಿಗದು, ಪುಸ್ತಕ ಸಿಕ್ಕರೆ ಕನ್ನಡಕ ಇರದು. ಐದು ನೂರು ತೆಗೆಯಲೋ ಸಾವಿರ ತೆಗೆಯಲೋ ಎಂದು ಬ್ಯಾಂಕಿನ ಕಿಟಕಿಯಲ್ಲಿ ನಿಂತು ಆಲೋಚನೆ ಮಾಡುತ್ತಾರೆ. ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಮೇಲಿಟ್ಟು, ಇದು ಅಕ್ಕಲಕೋಟೆಗೆ ಹೋಗುತ್ತದೋ ಎಂದು ಕೇಳಿ, ಹೌದೆಂದ ಮೇಲೆ ಇನ್ನೊಬ್ಬರನ್ನು ಕೇಳುತ್ತಾರೆ. ಇಂಥವರನ್ನು ಕಂಡು ಹಲ್ಲು ಕಡಿಯದವರು ಇಲ್ಲಿ ಯಾರಾದರೂ ಇದ್ದರೆ ಅವರು ನಮಗಿಂತ ಒಳ್ಳೆಯವರು.

ಈ ಸಿಟ್ಟು ಸುಳ್ಳು ಎಂದು ನಾವು ಹೇಳಲಾರೆವು. ಸಂಬಳದವನು ಪಾಳಿಯಲ್ಲಿ ನಿಂತರೆ ಅವನ ಹೊತ್ತು ಹೋಗುತ್ತದೆ. ಕೂಲಿಯವನು ನಿಂತರೆ ಅರ್ಧ ದಿನದ ಕೂಲಿ ಹೋಗುತ್ತದೆ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಮುಂದೆ ಹಂಗಾಮಿನಲ್ಲಿ ಎತ್ತಿನ ಗಾಡಿಗಳೂ ಟ್ರ್ಯಾಕ್ಟರುಗಳೂ ರಾತ್ರಿಯಿಡೀ ನಿಲ್ಲುವುದನ್ನು ನೀವೆಲ್ಲ ಕಂಡಿದ್ದೀರಿ. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ. ಟನ್ನಿನ ಲೆಕ್ಕದಲ್ಲಿ ಕೂಲಿ ಎಣಿಸುವ ಕಟಾವಿನವನ ರೊಕ್ಕವೂ ಅದರೊಂದಿಗೆ ಇಳಿಯುತ್ತದೆ. ಕಾಫಿ ತೋಟದಲ್ಲಿಯೂ ಅಷ್ಟೇ. ಸಂಜೆ ಹಣ್ಣು ತೂಗುವಲ್ಲಿ ಒಬ್ಬಳು ಚೀಲದೊಳಗಿನ ಹಸಿರು ಕಾಯಿಗಳನ್ನು ಆಗ ಆರಿಸುತ್ತ ಕುಳಿತರೆ, ಹಿಂದಿನ ಇಪ್ಪತ್ತು ಹೆಂಗಸರು ಲೈನಿನ ಮನೆ ಸೇರುವಾಗ ಕತ್ತಲಾಗಿರುತ್ತದೆ, ಒಲೆ ಹೊತ್ತಿರುವುದಿಲ್ಲ, ಮಕ್ಕಳು ಹಸಿದಿರುತ್ತವೆ. ಆದ್ದರಿಂದ ತಾಳ್ಮೆ ಇರಲಿ ಎಂದು ಬರೀ ಬಾಯಲ್ಲಿ ಉಪದೇಶ ಮಾಡುವುದು ಸುಲಭ, ಅದನ್ನು ನಾವು ಮಾಡುವುದಿಲ್ಲ. ಮಾಡಲು ನಮಗೆ ಮುಖವೂ ಇಲ್ಲ. ಯಾಕೆ ಇಲ್ಲ ಎಂಬುದನ್ನು ಈಗ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಊರ ಹೆಸರು ಬೇಡ, ಅಂಗಡಿಯ ಹೆಸರೂ ಬೇಡ. ತಿಂಗಳ ಕೊನೆಯ ದಿನ, ರೇಶನ್ ಅಂಗಡಿಯ ಪಾಳಿ. ಮಧ್ಯಾಹ್ನ ಯೂನಿಯನ್ ಕೆಲಸಕ್ಕೆ ನಾವು ಸೊಲ್ಲಾಪುರಕ್ಕೆ ಹೋಗಬೇಕಿತ್ತು. ಬೆಳಿಗ್ಗೆಯೆಲ್ಲ ಮಶೀನಿಗೆ ನೆಟ್‌ವರ್ಕ್ ಇರಲಿಲ್ಲ, ಬಂದ ಮೇಲೆ ಒಬ್ಬೊಬ್ಬರಿಗೆ ಎರಡು ಮೂರು ಮಿನಿಟು ಹಿಡಿಯುತ್ತಿತ್ತು. ನಮ್ಮ ಮುಂದೆ ಒಬ್ಬ ಅಜ್ಜಿ. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಮಶೀನಿನ ಮೇಲೆ ಹೆಬ್ಬೆರಳು ಇಟ್ಟರು, ಬರಲಿಲ್ಲ. ಸೆರಗಿಗೆ ಒರೆಸಿ ಇಟ್ಟರು, ಬರಲಿಲ್ಲ. ಅಂಗಡಿಯವನು ಬೇರೆ ಬೆರಳು ಇಡಿ ಎಂದು ಮರಾಠಿಯಲ್ಲಿ ಹೇಳಿದ. ಯಾವ ಬೆರಳು, ಯಾವ ಕೈಯದು ಎಂದು ಅವರಿಗೆ ತಿಳಿಯಲಿಲ್ಲ. ಒಮ್ಮೆ ಎಡಗೈ ಚಾಚಿದರು, ಹಿಂದಕ್ಕೆ ತೆಗೆದರು, ಬಲಗೈ ನೋಡಿಕೊಂಡರು. ಹಿಂದಿನಿಂದ ಮಂದಿ ಗುಜುಗುಜು ಎನ್ನತೊಡಗಿದರು. ಆಗ ದನಿ ಎತ್ತಿದವರು ನಾವು.

“ಏ ಅಜ್ಜೀ, ಲಗೂ ಮಾಡು, ಇಲ್ಲಾಂದ್ರ ಬಾಜೂಕ ಸರಿ. ಹಿಂದ ಇಷ್ಟು ಮಂದಿ ನಿಂತಾರ, ಕಾಣಂಗಿಲ್ಲೇನು?”

ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳುವ ಬಾಯಿ ಇದು. ಅವರು ತಿರುಗಿ ನೋಡಿದರು, ಗುರುತು ಹಿಡಿದರು. “ಹೋಗ್ಲಿ ಬಿಡ್ರಿ ಸರ, ನಾ ನಾಳೆ ಬರ್ತೀನಿ” ಎಂದು ಖಾಲಿ ಚೀಲ ಮಡಚಿಕೊಂಡು ಪಾಳಿ ಬಿಟ್ಟು ಹೊರಟರು. ನಮ್ಮ ಕೆಲಸ ನಾಲ್ಕು ಮಿನಿಟಿನಲ್ಲಿ ಆಯಿತು, ಬಸ್ಸೂ ಸಿಕ್ಕಿತು. ನಾಳೆ ಎಂದರೆ ಬೇರೆ ತಿಂಗಳು ಎಂಬುದು ನಮಗೆ ಹೊಳೆದದ್ದು ಬಸ್ಸಿನಲ್ಲಿ ಕುಳಿತ ಮೇಲೆ. ಅವರದು ಅಂತ್ಯೋದಯದ ಕಾರ್ಡು, ತಿಂಗಳಿಗೆ 35 ಕಿಲೋ. ಆ ತಿಂಗಳ ಧಾನ್ಯ ಅವರಿಗೆ ಸಿಗಲಿಲ್ಲ. ಪಕ್ಕದ ಮನೆಯವರು ಜೋಳ ಕಡ ಕೊಟ್ಟರಂತೆ.

ಅಂದಿನಿಂದ ನಾವು ಪಾಳಿಯಲ್ಲಿ ತಡ ಮಾಡುವವರನ್ನು ಬೇರೆ ರೀತಿ ನೋಡಲು ಕಲಿತೆವು. ಪುಣ್ಯಕ್ಕಾಗಿ ಅಲ್ಲ, ನಾಚಿಕೆಯಿಂದ.

ನಮ್ಮ ತಾಯಿ 1972ರ ಬರಗಾಲದ ಕತೆ ಹೇಳುತ್ತಿದ್ದರು. ಆಗ ಸೊಲ್ಲಾಪುರ ಜಿಲ್ಲೆಯಲ್ಲಿ ಮಂದಿ ಖಡಿ ಒಡೆದು, ರಸ್ತೆಗೆ ಮಣ್ಣು ಹೊತ್ತು ಬದುಕಿದರು. ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳಕ್ಕೂ ಪಾಳಿ, ವಾರದ ಕೂಲಿಗೂ ಪಾಳಿ. ಆ ಬರಗಾಲದ ಕೆಲಸಗಳಿಂದಲೇ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆ ಬೆಳೆದು 1977ರಲ್ಲಿ ಕಾಯ್ದೆಯಾಯಿತು. ದೇಶಕ್ಕೆಲ್ಲ ಅಂಥ ಕಾಯ್ದೆ ಬಂದದ್ದು 2005ರಲ್ಲಿ. ಆಗಿನ ಮಸ್ಟರಿನಲ್ಲಿಯೂ ಹೆಬ್ಬೆಟ್ಟೇ ಒತ್ತುತ್ತಿದ್ದರು. ಆದರೆ ಅದು ಮಸಿಯ ಹೆಬ್ಬೆಟ್ಟು. ಕಲ್ಲು ಒಡೆದು ಸವೆದ ಬೆರಳಾದರೂ ಕಾಗದದ ಮೇಲೆ ಕರಿ ಗುರುತು ಬಿದ್ದರೆ ಸಾಕಿತ್ತು, ಕೂಲಿ ಕೈಗೆ ಬರುತ್ತಿತ್ತು. (ಮೋಸ ಇರಲಿಲ್ಲವೆಂದಲ್ಲ. ಆ ಗುರುತಿನ ಮೇಲೆ ಎಷ್ಟು ಸುಳ್ಳು ಹಾಜರಿ ನಡೆದವೋ ದೇವರೇ ಬಲ್ಲ.) ಈಗಿನ ಮಶೀನು ಬೆರಳಿನ ಗೆರೆ ಓದುತ್ತದೆ. ಬೀಡಿ ಎಲೆ ಮಡಚುವವರ, ಸಿಮೆಂಟು ಕಲೆಸುವವರ, ಹತ್ತಾರು ವರ್ಷ ಕುಡುಗೋಲು ಹಿಡಿದವರ, ವಯಸ್ಸಾದವರ ಬೆರಳುಗಳಲ್ಲಿ ಆ ಗೆರೆ ಸವೆದಿರುತ್ತದೆ. ಯಾರು ಹೆಚ್ಚು ದುಡಿದರೋ ಅವರೇ ಕಿಟಕಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಹಿಂದೆ ನಿಂತವರಿಗೆ ಇದು ಕಾಣುವುದಿಲ್ಲ, ಒಬ್ಬ ಮುದುಕಿ ತಡಬಡಿಸುವುದು ಮಾತ್ರ ಕಾಣುತ್ತದೆ.

ಇನ್ನು ನಿರ್ಧಾರ ಮಾಡಲಾಗದೆ ನಿಲ್ಲುವವರು. ಇವರ ಬಗ್ಗೆಯೂ ನಾವು ಬಹಳ ಆಲೋಚಿಸಿದ್ದೇವೆ. ಖಾತೆಯಲ್ಲಿ ಐವತ್ತು ಸಾವಿರ ಇದ್ದವನಿಗೆ ಎಷ್ಟು ತೆಗೆಯಲಿ ಎಂಬುದು ಪ್ರಶ್ನೆಯೇ ಅಲ್ಲ. ಹದಿನೈದು ನೂರು ಇದ್ದವಳಿಗೆ ಐದು ನೂರಕ್ಕೂ ಏಳು ನೂರಕ್ಕೂ ನಡುವೆ ಮಗನ ಔಷಧಿ ಇರುತ್ತದೆ, ಸಂಘದ ಕಂತು ಇರುತ್ತದೆ. ಚೀಟಿ ಮರಾಠಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಮನೆಮಾತು ಕನ್ನಡ. ತಪ್ಪು ಬರೆದರೆ ಮತ್ತೆ ಪಾಳಿಯ ಬಾಲಕ್ಕೆ ಹೋಗಬೇಕು. ತಪ್ಪಿಗೆ ಇಷ್ಟು ಬೆಲೆ ಇರುವಾಗ ಯಾರು ಲಗುಬಗೆ ಮಾಡುತ್ತಾರೆ? 2016ರ ನವೆಂಬರಿನಲ್ಲಿ ಐನೂರು ಸಾವಿರದ ನೋಟುಗಳು ರದ್ದಾದಾಗ ಓದಿದವರೂ ಹೀಗೆಯೇ ತಡಬಡಿಸಿದ್ದನ್ನು ನಾವು ಕಣ್ಣಾರೆ ಕಂಡೆವು. ಬದಲಿಸಿಕೊಳ್ಳುವ ಮಿತಿ ಮೊದಲು ನಾಲ್ಕು ಸಾವಿರ, ಬಳಿಕ ನಾಲ್ಕೂವರೆ ಸಾವಿರ, ವಾರ ಕಳೆಯುವುದರೊಳಗೆ ಎರಡು ಸಾವಿರ. ಬೆರಳಿಗೆ ಮಸಿ ಬೇರೆ. ಅಂಗಡಿ ಮಾಲಕರು, ಮಾಸ್ತರರು ಸಹ ಕಿಟಕಿಯಲ್ಲಿ ನಿಂತು ಏನು ಬರೆಯಬೇಕೆಂದು ಪಕ್ಕದವರನ್ನು ಕೇಳುತ್ತಿದ್ದರು. ನಿಯಮ ಗೊತ್ತಿಲ್ಲದಿದ್ದರೆ ಯಾರಾದರೂ ನಿಧಾನವೇ.

ಹಾಗೆಂದು ಎಲ್ಲರನ್ನೂ ಕ್ಷಮಿಸಿಬಿಡಿ ಎನ್ನುತ್ತಿಲ್ಲ. ಕಿಟಕಿಯಲ್ಲಿ ನಿಂತು ಒಳಗಿನ ಪರಿಚಯದವನೊಡನೆ ಹೆಂಡತಿಯ ತವರಿನ ಸುದ್ದಿ ಹೇಳುವವನು, ತನ್ನ ಹಿಂದೆ ನಾಲ್ವರಿಗೆ ಜಾಗ ಹಿಡಿದು ನಿಲ್ಲುವವನು, ಫೋನು ಕಿವಿಗಿಟ್ಟುಕೊಂಡು ಕಾರ್ಡು ಕೊಡುವವನು, ಇವರಿಗೆ ಮುಖದ ಮೇಲೆ ಹೇಳಬೇಕು. ನಮ್ಮ ಅನುಭವದಲ್ಲಿ ಇವರು ಗಟ್ಟಿ ಆಳುಗಳು, ಇವರಿಗೆ ಯಾರೂ ಏನೂ ಅನ್ನುವುದಿಲ್ಲ. ಅಜ್ಜಿಗೆ ಎಲ್ಲರೂ ಅನ್ನುತ್ತಾರೆ.

ಒಂದು ಲೆಕ್ಕ ಹೇಳುತ್ತೇವೆ, ಮಕ್ಕಳೂ ಕೇಳಿರಿ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಪಟ್ಟಣದ ಟೆಲಿಫೋನ್ ಕಂಪನಿಯಲ್ಲಿ ಎರ್ಲಾಂಗ್ ಎಂಬ ಗಣಿತಜ್ಞರಿದ್ದರು. ಫೋನಿಗಾಗಿ ಕಾಯುವವರ ವಿಷಯವನ್ನು ಅವರು ಲೆಕ್ಕಕ್ಕೆ ಹಚ್ಚಿ 1909ರಲ್ಲಿ ಪ್ರಕಟಿಸಿದರು. ಪಾಳಿಯ ಶಾಸ್ತ್ರ ಹುಟ್ಟಿದ್ದೇ ಅಲ್ಲಿಂದ. ಅವರ ಗಣಿತ ನಮ್ಮ ತಲೆಗೆ ಹತ್ತುವಂಥದಲ್ಲ, ಆದರೆ ಅದರ ಒಂದು ತಿರುಳು ಹತ್ತುತ್ತದೆ. ಒಂದು ಕಿಟಕಿ ತಾಸಿಗೆ ಇಪ್ಪತ್ತು ಮಂದಿಯ ಕೆಲಸ ಮಾಡಬಲ್ಲದು ಎನ್ನೋಣ. ತಾಸಿಗೆ ಹತ್ತು ಮಂದಿ ಬರುತ್ತಿದ್ದರೆ, ಒಬ್ಬರು ಹತ್ತು ಮಿನಿಟು ತಡ ಮಾಡಿದರೂ ಮುಂದಿನ ಹತ್ತು ಮಿನಿಟಿನಲ್ಲಿ ಪಾಳಿ ತನ್ನ ಮೊದಲಿನ ಸ್ಥಿತಿಗೆ ಬರುತ್ತದೆ. ಯಾರೂ ಶಪಿಸುವುದಿಲ್ಲ. ಅದೇ ತಾಸಿಗೆ ಹತ್ತೊಂಬತ್ತು ಮಂದಿ ಬರುತ್ತಿದ್ದರೆ? ಆ ಹತ್ತು ಮಿನಿಟಿನಲ್ಲಿ ಮೂವರು ಹೆಚ್ಚು ಕೂಡಿಬಿಡುತ್ತಾರೆ, ಕಿಟಕಿಗೆ ಉಳಿದ ಬಲ ತಾಸಿಗೆ ಒಬ್ಬರದು ಮಾತ್ರ. ಆ ತಡ ತೀರಲು ಮೂರು ತಾಸಿಗೂ ಹೆಚ್ಚು ಬೇಕು. ಅಜ್ಜಿ ಅದೇ, ಬೆರಳು ಅದೇ, ತಡವೂ ಅದೇ ಹತ್ತು ಮಿನಿಟು. ಎರಡು ಕಿಟಕಿ ಇರಬೇಕಾದಲ್ಲಿ ಒಂದನ್ನೇ ತೆರೆದು, ತಿಂಗಳಲ್ಲಿ ನಾಲ್ಕೇ ದಿನ ಧಾನ್ಯ ಹಂಚಿ, ಮಂದಿಯನ್ನು ಮಂದಿಯ ಮೇಲೆ ಬಿಟ್ಟವರು ಯಾರು ಎಂದು ನಾವು ಪಾಳಿಯಲ್ಲಿ ನಿಂತಾಗ ಕೇಳಿಕೊಳ್ಳುವುದಿಲ್ಲ.

ಮತದಾನದ ದಿನದ ಒಂದು ನಿಯಮ ನಮಗೆ ಬಹಳ ಹಿಡಿಸಿದೆ. 2024ರಲ್ಲಿ ಮೇ ತಿಂಗಳಲ್ಲಿ ಲೋಕಸಭೆಗೂ ನವೆಂಬರಿನಲ್ಲಿ ವಿಧಾನಸಭೆಗೂ ನಾವು ಓಟು ಹಾಕಿದೆವಲ್ಲ. ಸಂಜೆ ಆರು ಹೊಡೆದಾಗ ಪಾಳಿಯಲ್ಲಿ ಇದ್ದವರೆಲ್ಲರಿಗೂ ಓಟಿನ ಹಕ್ಕು ಇರುತ್ತದೆ, ರಾತ್ರಿ ಎಷ್ಟು ಹೊತ್ತಾದರೂ ಸರಿ. ಅದಕ್ಕಾಗಿ ಅಧಿಕಾರಿಗಳು ನಂಬರಿನ ಚೀಟಿ ಹಂಚುತ್ತಾರೆ. ಎಲ್ಲಿಂದ ಹಂಚುತ್ತಾರೆ ಗೊತ್ತೇ? ಬಾಲದಿಂದ. ಕಟ್ಟಕಡೆಗೆ ನಿಂತವನಿಗೆ ಒಂದನೆಯ ನಂಬರು, ಅಲ್ಲಿಂದ ಮುಂದಕ್ಕೆ. ಹೊಸಬರು ಬಂದು ಸೇರಬಾರದೆಂದು ಮಾಡಿದ ಉಪಾಯ ಅದು. ಒಳಗೆ ಹೋದ ಮೇಲೆಯೂ ಗುಂಡಿ ಒತ್ತಿ, ಪಕ್ಕದ ಗಾಜಿನಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ, ನೋಡಿಕೊಂಡು ಬರಬೇಕು. ಅಷ್ಟು ಹೊತ್ತು ಹೊರಗಿನವರು ಕಾಯಲೇಬೇಕು, ಕಾಯುತ್ತಾರೆ ಕೂಡ.

ಬಾಲದಿಂದ ಎಂದಾಗ ನಿಮಗೆ ಮತ್ತಾಯನ ಶುಭಸಂದೇಶದ ದ್ರಾಕ್ಷಿ ತೋಟದ ಕೂಲಿಗಳು ನೆನಪಾಗಿರಬಹುದು. ದ್ರಾಕ್ಷಿ ತೋಟ ಸೊಲ್ಲಾಪುರದವರಿಗೆ ಹೊಸದಲ್ಲ. ಆ ಕತೆಯಲ್ಲಿಯೂ ಬಟವಾಡೆ ಕೊನೆಗೆ ಬಂದವರಿಂದ ಶುರುವಾಗುತ್ತದೆ. ನಾವು ಚಿಕ್ಕಂದಿನಿಂದ ಆ ಕತೆಯಲ್ಲಿ ಕೂಲಿಯ ಮೊತ್ತವನ್ನೇ ನೋಡಿದ್ದೆವು. ಆ ಅಜ್ಜಿಯ ಘಟನೆಯ ಮೇಲೆ ಪಾಳಿಯನ್ನು ನೋಡಿದೆವು. ಮುಂದೆ ನಿಂತ ಗಟ್ಟಿ ಆಳುಗಳು ಗೊಣಗುತ್ತಾರೆ, ಹಿಂದಿನವರ ಕೈಗೆ ಮೊದಲು ರೊಕ್ಕ ಬೀಳುವುದನ್ನು ಕಾಯುತ್ತ ನೋಡಬೇಕಾಗುತ್ತದೆ. ಅವರೂ ಬಿಸಿಲಲ್ಲಿ ದುಡಿದವರೇ. ಅವರ ಗೊಣಗಾಟ ನಮ್ಮದೇ ಗೊಣಗಾಟ.

ಆಮೇಲೆ ಯೂನಿಯನ್ನಿನ ಮೂವರು ನಾವು ಒಂದು ಸಣ್ಣ ಕೆಲಸ ಹಿಡಿದೆವು. ಧಾನ್ಯ ಹಂಚುವ ದಿನಗಳಲ್ಲಿ ಒಂದು ತಾಸು ಮೊದಲು ಹೋಗಿ ಪಾಳಿಯಲ್ಲಿ ನಿಂತವರ ಕಾರ್ಡು ನೋಡುವುದು, ಗೊತ್ತಿಲ್ಲದವರಿಗೆ ಕನ್ನಡದಲ್ಲಿ ಹೇಳುವುದು, ಬೆರಳು ಬಾರದವರ ಕೈ ತೊಳೆಸಿ ಒರೆಸಿ, ಯಾವ ಬೆರಳು ಬರುತ್ತದೆಂದು ಒಮ್ಮೆ ಕಂಡುಕೊಂಡು ಕಾರ್ಡಿನ ಹಿಂದೆ ಬರೆದಿಡುವುದು. ಯಾವ ಬೆರಳೂ ಬಾರದಿದ್ದರೂ ಧಾನ್ಯ ನಿಲ್ಲಿಸುವಂತಿಲ್ಲ. ಈ ಬಗ್ಗೆ ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಇದನ್ನು ತಿಳಿದು ಮರ್ಯಾದೆಯಿಂದ, ಗಟ್ಟಿಯಾಗಿ ಕೇಳಬೇಕು. 2013ರ ಕಾಯ್ದೆಯ ಧಾನ್ಯ 2023ರ ಜನವರಿಯಿಂದ ಪುಕ್ಕಟೆಯಾಗಿದೆ. ಪುಕ್ಕಟೆ ಎಂದ ಮಾತ್ರಕ್ಕೆ ಅದು ಭಿಕ್ಷೆಯಲ್ಲ. ತೋಟದಿಂದ ಬಂದಿರುವವರೂ ಗಮನಿಸಿರಿ, ಒಂದೇ ಕಾರ್ಡಿನ ಮೇಲೆ ಬೇರೆ ರಾಜ್ಯದಲ್ಲಿಯೂ ಧಾನ್ಯ ತೆಗೆಯಬಹುದು. ನಿಮ್ಮ ಕಾರ್ಡು ಇಲ್ಲಿಯದು, ದುಡಿಮೆ ಕೊಡಗಿನಲ್ಲಿ ಆದರೂ ಅಲ್ಲಿಯ ಅಂಗಡಿಯ ಪಾಳಿಯಲ್ಲಿ ನಿಲ್ಲುವ ಹಕ್ಕು ನಿಮಗಿದೆ. ಅಲ್ಲಿ ನೀವೇ ತಡಬಡಿಸುವವರಾಗಬಹುದು.

ಆ ಅಜ್ಜಿಯ ಮನೆಗೆ ನಾವು ಹೋದೆವು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಸುಮ್ಮನೆ ಕುಳಿತೆವು. ಅವರೇ ಚಹಾ ಮಾಡಿದರು. ಮುಂದಿನ ತಿಂಗಳು ಪಾಳಿಯಲ್ಲಿ ನಮಗಿಂತ ಬಹಳ ಮುಂದೆ ಇದ್ದರು. ಬಲಗೈಯ ಹೆಬ್ಬೆರಳು ಬರಲಿಲ್ಲ, ತೋರುಬೆರಳು ಬರಲಿಲ್ಲ, ಎಡಗೈಯ ಉಂಗುರ ಬೆರಳು ಬಂತು. ಹಿಂದಿನವರು ಉಸಿರು ಬಿಟ್ಟರು. ಆದರೆ ಅವರು ಕಿಟಕಿ ಬಿಡಲಿಲ್ಲ. ಚೀಲವನ್ನು ಎತ್ತಿ ನೋಡಿ ಕೆಳಗಿಟ್ಟರು, ಮತ್ತೆ ಎತ್ತಿದರು. “ಇನ್ನೊಮ್ಮೆ ತೂಗ್ರಿ ಅಣ್ಣಾ” ಎಂದರು. ಪಾಳಿಯಲ್ಲಿ ಅದೇ ಗುಜುಗುಜು ಎದ್ದಿತು. ನಮ್ಮ ಹಿಂದಿನ ಹುಡುಗನೊಬ್ಬ ಏನೋ ಕೂಗಲು ಬಾಯಿ ತೆರೆದ, ನಾವು ಅವನ ಭುಜ ಹಿಡಿದೆವು. ಅಂಗಡಿಯವನು ಬೇಸರದಿಂದ ಚೀಲವನ್ನು ಮತ್ತೆ ತಕ್ಕಡಿಗೆ ಹಾಕಿದ. ಒಂದೂವರೆ ಕಿಲೋ ಕಡಿಮೆ ಇತ್ತು. ಆ ದಿನ ಪಾಳಿ ಸಾಯಂಕಾಲದವರೆಗೂ ಕರಗಲಿಲ್ಲ, ಏಕೆಂದರೆ ಅವರ ಹಿಂದೆ ಬಂದ ಒಬ್ಬೊಬ್ಬರೂ ತಮ್ಮ ಚೀಲವನ್ನು ಎರಡೆರಡು ಸಲ ತೂಗಿಸಿದರು.