ಹಣ ಹತ್ತು ಸೆಕೆಂಡಿಗೆ ಹೋಗುತ್ತೆ, ಬಿಲ್ ಪಾಸ್ ಆಗೋಕೆ ನಾಲ್ಕು ತಿಂಗಳು

ಈ ವಾರದ ವಿಷಯ ಕೇಳಿದ್ರೆ ಪರೀಕ್ಷೆಯ ಹತ್ತು ಮಾರ್ಕಿನ ಪ್ರಶ್ನೆ ಥರ ಇದೆ: ನಮ್ಮ ದೇಶದ ಆರ್ಥಿಕತೆ ಬೇರೆ ದೇಶಗಳ ಜೊತೆ ಪೈಪೋಟಿ ಮಾಡೋ ಶಕ್ತಿ ಬೆಳೆಸಿಕೊಳ್ಳೋದು ಹೇಗೆ? ಬಿ.ಕಾಂನಲ್ಲಿ ನಾನೂ ಇದಕ್ಕೆ ಉತ್ತರ ಬರೆದಿದ್ದೆ. ಸಂಶೋಧನೆ, ಹೊಸ ತಂತ್ರಜ್ಞಾನ, ಸಂಸ್ಥೆಗಳ ಸುಧಾರಣೆ ಅಂತ ಮೂರು ತಲೆಬರಹ ಹಾಕಿ, ಕೆಳಗೆ ಗೆರೆ ಎಳೆದು, ಎರಡು ಪುಟ ತುಂಬಿಸಿದ್ದೆ. ಮಾರ್ಕ್ಸೂ ಬಂತು. ಆದ್ರೆ ಆ ಎರಡು ಪುಟದಲ್ಲಿ ನಮ್ಮಪ್ಪನ ವರ್ಕ್‌ಶಾಪ್ ಎಲ್ಲೂ ಇರಲಿಲ್ಲ. ಇವತ್ತು ಅಲ್ಲಿಂದಲೇ ಶುರು ಮಾಡ್ತೀನಿ.

ಪೀಣ್ಯದಲ್ಲಿ ನಮ್ಮದೊಂದು ಬಾಡಿಗೆ ಶೆಡ್ ಇದೆ. ಎರಡು ಲೇತ್, ಒಂದು ಮಿಲ್ಲಿಂಗ್ ಮಷೀನ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಒಂದು ಸಿಎನ್‌ಸಿ, ಆರು ಜನ ಕೆಲಸದವರು. ಪಂಪು, ವಾಲ್ವು ಮಾಡೋ ಕಂಪನಿಗಳಿಗೆ ಶಾಫ್ಟು, ಬುಷ್ಷು ಮಾಡಿ ಕೊಡ್ತಾರೆ. ಹೋದ ವರ್ಷ ಪರಿಚಯದ ಒಬ್ಬ ಎಂಜಿನಿಯರ್ ಒಂದು ಡ್ರಾಯಿಂಗ್ ತಂದುಕೊಟ್ಟರು. ವಿಮಾನದ ಬಿಡಿಭಾಗ, ಟ್ರಯಲ್ ಆರ್ಡರ್. ಅಳತೆ ತುಂಬಾ ಬಿಗಿ. ಅದನ್ನ ಮಾಡಬೇಕಂದ್ರೆ ಇನ್ನೊಂದು ಒಳ್ಳೆ ಮಷೀನ್ ಬೇಕು, ಅಳತೆ ನೋಡೋ ಉಪಕರಣ ಬೇಕು. ಅಪ್ಪ ಎರಡು ರಾತ್ರಿ ಆ ಡ್ರಾಯಿಂಗ್ ಮುಂದೆ ಕೂತಿದ್ರು. ಮೂರನೇ ದಿನ ವಾಪಸ್ ಕೊಟ್ಟುಬಿಟ್ರು. ಯಾಕಪ್ಪಾ ಅಂದೆ. "ಮಾಡೋಕೆ ಬರುತ್ತೆ ಕಣಮ್ಮ. ಆದ್ರೆ ಲಿಮಿಟ್ ಫುಲ್ ಆಗಿದೆ" ಅಂದ್ರು.

ಲಿಮಿಟ್ ಅಂದ್ರೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್. ಅದು ಫುಲ್ ಆಗಿದ್ದು ನಾವು ದುಂದು ಮಾಡಿ ಅಲ್ಲ. ಕೊಟ್ಟ ಮಾಲಿಗೆ ದುಡ್ಡು ಬರದೇ ಇದ್ದಿದ್ದಕ್ಕೆ.

ಒಂದು ಲೆಕ್ಕ ಹಾಕೋಣ. ನಮ್ಮ ಶೆಡ್ಡಿನ ನಿಜವಾದ ಅಂಕಿ ಬೇಡ, ಉದಾಹರಣೆಗೆ ಅಂತ ಇಟ್ಕೊಳ್ಳಿ. ತಿಂಗಳಿಗೆ 10 ಲಕ್ಷದ ಬಿಲ್. ದುಡ್ಡು 45 ದಿನಕ್ಕೆ ಬಂದ್ರೆ, ಯಾವಾಗಲೂ ಹೊರಗಡೆ ಇರೋದು 15 ಲಕ್ಷ. 120 ದಿನಕ್ಕೆ ಬಂದ್ರೆ 40 ಲಕ್ಷ. ವ್ಯತ್ಯಾಸ 25 ಲಕ್ಷ. ಅದನ್ನ ಬ್ಯಾಂಕಿಂದ ಶೇ 11ರ ಬಡ್ಡಿಗೆ ತಂದ್ರೆ ವರ್ಷಕ್ಕೆ 2 ಲಕ್ಷ 75 ಸಾವಿರ. ವರ್ಷದ ವಹಿವಾಟು 1 ಕೋಟಿ 20 ಲಕ್ಷ. ಅದರಲ್ಲಿ ಶೇ 6 ಲಾಭ ಅಂದ್ರೆ 7 ಲಕ್ಷ 20 ಸಾವಿರ. ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಲಾಭ ಬರೀ ಕಾಯೋದಕ್ಕೇ ಹೋಯ್ತು. ಹೊಸ ಮಷೀನಿನ ಕಂತು ಕಟ್ಟಬೇಕಾಗಿದ್ದ ದುಡ್ಡು ಅದು.

ಇದರ ಮೇಲೆ ಜಿಎಸ್‌ಟಿ. ಬಿಲ್ ಹಾಕಿದ ಮುಂದಿನ ತಿಂಗಳು, ಇನ್‌ಪುಟ್ ಕ್ರೆಡಿಟ್ ಕಳೆದು ಉಳಿದ ತೆರಿಗೆ ಅಪ್ಪ ಕಟ್ಟಲೇಬೇಕು, ಪಾರ್ಟಿ ದುಡ್ಡು ಕೊಟ್ಟಿರಲಿ ಬಿಡಲಿ. ಆ ಕಡೆ ಪಾರ್ಟಿ ಅದೇ ಬಿಲ್ಲಿನ ತೆರಿಗೆಗೆ ಆಗಲೇ ಕ್ರೆಡಿಟ್ ತಗೊಂಡಿರುತ್ತೆ. ಕೊಂಡವರು ಹಣ ಕೊಡೋಕೆ ಅಲ್ಲಿ ಇರೋ ಗಡುವು 180 ದಿನ. ಅಲ್ಲಿವರೆಗೆ ದೊಡ್ಡ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಡ್ತಿರೋದು ಆರು ಜನರ ಶೆಡ್.

ಈಗ ಸ್ವಲ್ಪ ದೊಡ್ಡ ಚಿತ್ರ ನೋಡೋಣ. ಜಾಗತಿಕ ನಾವೀನ್ಯತಾ ಸೂಚ್ಯಂಕದಲ್ಲಿ ಭಾರತ 2015ರಲ್ಲಿ 81ನೇ ಸ್ಥಾನದಲ್ಲಿತ್ತು, 2024ಕ್ಕೆ 39ಕ್ಕೆ ಬಂತು. ಖುಷಿ ಪಡಬೇಕಾದ ವಿಷಯವೇ. ವಿಶ್ವಬ್ಯಾಂಕಿನ ಉದ್ಯಮಸ್ನೇಹಿ ಪಟ್ಟಿಯಲ್ಲಿ 142ರಿಂದ 63ಕ್ಕೆ ಏರಿದ್ವಿ. ದತ್ತಾಂಶದಲ್ಲಿ ಅಕ್ರಮ ನಡೆದಿದೆ ಅಂತ ಆ ಪಟ್ಟಿಯನ್ನೇ 2021ರಲ್ಲಿ ನಿಲ್ಲಿಸಿದ್ರು, ಆ ಕಥೆ ಬೇರೆ. ಆದ್ರೆ ನಾವು 63ನೇ ಸ್ಥಾನದಲ್ಲಿದ್ದ ಅದೇ ವರದಿಯಲ್ಲಿ ಇನ್ನೊಂದು ಸಾಲಿತ್ತು, ಅದನ್ನ ಯಾರೂ ಫ್ಲೆಕ್ಸ್ ಹಾಕಿಸಲಿಲ್ಲ. ಒಪ್ಪಂದದ ಪ್ರಕಾರ ನಡೆಯೋ ಹಾಗೆ ಕೋರ್ಟಿನ ಮೂಲಕ ಮಾಡಿಸೋ ವಿಷಯದಲ್ಲಿ ನಮ್ಮ ಸ್ಥಾನ 163. ಒಂದು ವ್ಯಾಜ್ಯ ಮುಗಿಯೋಕೆ 1,445 ದಿನ. ಹತ್ತಿರ ಹತ್ತಿರ ನಾಲ್ಕು ವರ್ಷ.

ಈ ಎರಡು ಅಂಕಿಗಳನ್ನ ಪಕ್ಕಪಕ್ಕ ಇಡಿ. ಹೊಸದನ್ನ ಕಂಡುಹಿಡಿಯೋದ್ರಲ್ಲಿ ಮುಂದೆ ಹೋಗ್ತಿದ್ದೀವಿ, ಕೊಟ್ಟ ಮಾತು ಉಳಿಸೋದ್ರಲ್ಲಿ ಹಿಂದೆ ಉಳಿದಿದ್ದೀವಿ. ಎರಡನೆಯದು ಸರಿಹೋಗದೆ ಮೊದಲನೆಯದು ಸಣ್ಣವರ ಹತ್ರ ತಲುಪಲ್ಲ. ಇವತ್ತು ನಾನು ಹೇಳಬೇಕು ಅಂತಿರೋದು ಇಷ್ಟೇ.

ಯುಪಿಐ ತಗೊಳ್ಳಿ. 2016ರಲ್ಲಿ ಬಂತು. ಇವತ್ತು ಸೊಪ್ಪು ಮಾರೋ ಅಜ್ಜಿ ಹತ್ರಾನೂ ಕ್ಯೂಆರ್ ಕೋಡ್ ಇದೆ. ದೊಡ್ಡ ಮೊತ್ತಕ್ಕೆ ಆರ್‌ಟಿಜಿಎಸ್ ಇದೆ, 2020ರ ಡಿಸೆಂಬರಿಂದ ಅದು 24 ಗಂಟೆಯೂ ನಡೆಯುತ್ತೆ. ರಾತ್ರಿ ಎರಡು ಗಂಟೆಗೆ ಬೇಕಾದ್ರೂ 40 ಲಕ್ಷ ಕಳಿಸಬಹುದು. ಹಣ ಹೋಗೋ ದಾರಿಯನ್ನ ನಾವು ಜಗತ್ತೇ ತಿರುಗಿ ನೋಡೋ ಹಾಗೆ ಸರಿಮಾಡಿದ್ದೀವಿ. ಆದ್ರೆ ಕಳಿಸೋಣ ಅಂತ ಅಕೌಂಟ್ಸ್ ಸೆಕ್ಷನ್ನಿನವರು ಮನಸ್ಸು ಮಾಡೋಕೆ ನಾಲ್ಕು ತಿಂಗಳು. ಅದಕ್ಕೆ ಆ್ಯಪ್ ಇಲ್ಲ. ಅದಕ್ಕೆ ಬೇಕಾಗಿರೋದು ನಿಯಮ, ಆ ನಿಯಮವನ್ನ ನಡೆಸೋ ಸಂಸ್ಥೆ.

ಕಾನೂನು ಇಲ್ವಾ? ಇದೆ, 2006ರಿಂದಲೇ ಇದೆ. ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ. ಎಷ್ಟೇ ದಿನದ ಒಪ್ಪಂದ ಇದ್ರೂ 45 ದಿನದೊಳಗೆ ಕೊಡಬೇಕು. ತಡವಾದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ದೂರು ಕೇಳೋಕೆ ರಾಜ್ಯಗಳಲ್ಲಿ ಮಂಡಳಿ ಇದೆ, 90 ದಿನದಲ್ಲಿ ತೀರ್ಮಾನ ಆಗಬೇಕು. ಆನ್‌ಲೈನಲ್ಲಿ ದೂರು ಕೊಡೋಕೆ 2017ರಲ್ಲಿ ಸಮಾಧಾನ್ ಪೋರ್ಟಲ್ ಕೂಡ ಬಂತು. ಕಾಗದದ ಮೇಲೆ ಇದಕ್ಕಿಂತ ಬಿಗಿಯಾದ ಕಾನೂನು ಇನ್ನೇನು ಬೇಕು?

ನಾನು ಓದಿ ಖುಷಿಯಾಗಿ ಅಪ್ಪನ ಹತ್ರ ಹೇಳಿದೆ, ದೂರು ಕೊಡೋಣ ಅಂತ. ಅಪ್ಪ ನಕ್ಕರು. "ದೂರು ಕೊಟ್ಟ ಮೇಲೆ ಮುಂದಿನ ಆರ್ಡರ್ ಯಾರು ಕೊಡ್ತಾರೆ?" ನಮ್ಮ ವ್ಯಾಪಾರದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ಪಾರ್ಟಿಯದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯ್ತು. ದುರ್ಬಲನೇ ಎದ್ದು ನಿಂತು ಬಲಶಾಲಿ ಮೇಲೆ ದೂರು ಕೊಡಬೇಕು ಅನ್ನೋ ಕಾನೂನು, ಎಷ್ಟೇ ಬಿಗಿಯಾಗಿದ್ರೂ ಕಪಾಟಲ್ಲೇ ಇರುತ್ತೆ.

ಇಲ್ಲಿ ಒಂದು ಸಣ್ಣ ಬದಲಾವಣೆ ನನ್ನ ಕಣ್ಣು ತೆರೆಸಿತು. 2023ರ ಹಣಕಾಸು ಕಾಯ್ದೆಯಲ್ಲಿ ಆದಾಯ ತೆರಿಗೆಗೆ 43ಬಿ(ಎಚ್) ಅಂತ ಒಂದು ಕಲಂ ಸೇರಿಸಿದ್ರು. ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಹಣ ಕೊಡದಿದ್ರೆ, ಕೊಡೋವರೆಗೂ ಆ ಖರ್ಚನ್ನ ಕೊಂಡವರು ತಮ್ಮ ಲಾಭದಲ್ಲಿ ಕಳೆಯೋ ಹಾಗಿಲ್ಲ. ಗಡುವು, ಒಪ್ಪಂದ ಇಲ್ಲದಿದ್ರೆ 15 ದಿನ, ಇದ್ರೆ ಹೆಚ್ಚಂದ್ರೆ 45. ಇದರಲ್ಲಿ ಯಾರೂ ದೂರು ಕೊಡಬೇಕಿಲ್ಲ. ಕಂಪನಿಯ ಆಡಿಟರೇ ಕೇಳ್ತಾರೆ.

ನಾನು ಆಗ ಒಂದು ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ತಿದ್ದೆ. 2024ರ ಮಾರ್ಚ್ ತಿಂಗಳು ಮರೆಯೋಕೆ ಆಗಲ್ಲ. ಬೆಳಗ್ಗಿಂದ ಸಂಜೆವರೆಗೂ ಫೋನು. "ನಮ್ಮ ಸಪ್ಲೈಯರಲ್ಲಿ ಯಾರ್ಯಾರಿಗೆ ಉದ್ಯಮ್ ರಿಜಿಸ್ಟ್ರೇಷನ್ ಇದೆ, ಲಿಸ್ಟ್ ಮಾಡಿ" ಅಂತ. ಅಪ್ಪನ ಹಳೇ ಬಾಕಿ ಒಂದು ಪಾರ್ಟಿಯಿಂದ ಮಾರ್ಚ್ 28ಕ್ಕೆ ಬಂದುಬಿಡ್ತು, ಒಂದು ಸಲಾನೂ ಕೇಳದೆ. ಇನ್ನೊಂದು ಪಾರ್ಟಿ ಮಾತ್ರ, ಉದ್ಯಮ್ ಕ್ಯಾನ್ಸಲ್ ಮಾಡಿಸಿದ್ರೆ ಮುಂದೆ ಆರ್ಡರ್ ಕೊಡ್ತೀವಿ ಅಂತ ಬಾಯಿಮಾತಲ್ಲಿ ಹೇಳಿ ಕಳಿಸಿತು.

ಹಾಗಂತ ಈ ಕಲಂ ಪರಿಪೂರ್ಣ ಅಂತ ಹೇಳ್ತಿಲ್ಲ. ದೊಡ್ಡ ತೂತಿದೆ. ಏಪ್ರಿಲಿನ ಬಿಲ್ಲನ್ನ ಮುಂದಿನ ಮಾರ್ಚ್ 31ರೊಳಗೆ ಕೊಟ್ಟರೂ ಅದೇ ವರ್ಷದ ಖರ್ಚಾಗಿ ಕಳೆಯಬಹುದು. ಹಾಗಾಗಿ ವರ್ಷವಿಡೀ ಕಾಯಿಸಿ ಮಾರ್ಚಲ್ಲಿ ಕೊಟ್ಟರೆ ತೆರಿಗೆಯ ಬಿಸಿ ತಟ್ಟಲ್ಲ. ಮಧ್ಯಮ ಗಾತ್ರದ ಉದ್ಯಮಗಳಿಗೆ ಇದು ಅನ್ವಯಿಸಲ್ಲ. ಉದ್ಯಮ್ ಇಲ್ಲದವರ ಕಡೆ ಆರ್ಡರ್ ತಿರುಗಿಸೋ ಭಯ ಇದ್ದೇ ಇದೆ.

ಇನ್ನೊಂದು ದಾರಿ ಟ್ರೆಡ್ಸ್. ಸಪ್ಲೈಯರ್ ಬಿಲ್ ಹಾಕ್ತಾನೆ, ಕಂಪನಿ ಒಪ್ಪಿಕೊಳ್ಳುತ್ತೆ, ಬ್ಯಾಂಕುಗಳು ಹರಾಜಿನ ಥರ ಬಡ್ಡಿ ಕೂಗ್ತವೆ, ಸಪ್ಲೈಯರಿಗೆ ಬೇಗ ದುಡ್ಡು ಸಿಗುತ್ತೆ. ಗಡುವಿಗೆ ಬ್ಯಾಂಕ್ ಕಂಪನಿಯಿಂದ ವಸೂಲಿ ಮಾಡ್ಕೊಳ್ಳುತ್ತೆ. ಬಡ್ಡಿ ನಿಲ್ಲೋದು ಕಂಪನಿಯ ಹೆಸರಿನ ಮೇಲೆ, ಶೆಡ್ಡಿನ ಮೇಲಲ್ಲ. ಒಳ್ಳೆ ಆವಿಷ್ಕಾರ. 250 ಕೋಟಿಗಿಂತ ಹೆಚ್ಚು ವಹಿವಾಟಿರೋ ಕಂಪನಿಗಳು ಅಲ್ಲಿ ನೋಂದಣಿ ಆಗೋದು ಈಗ ಕಡ್ಡಾಯ. ಆದ್ರೆ ನೋಂದಣಿ ಕಡ್ಡಾಯ ಅಷ್ಟೇ. ಬಂದ ಪ್ರತಿ ಬಿಲ್ಲನ್ನೂ ಅಲ್ಲಿ ಒಪ್ಪಬೇಕು ಅಂತೇನಿಲ್ಲ. ಬಾಗಿಲು ಮಾಡಿಸಿದ್ದೀವಿ, ಚಿಲಕ ಅವರ ಕೈಲೇ ಇದೆ.

ಕಂಪನಿಗಳ ಮಾತನ್ನೂ ಕೇಳಬೇಕು. ಮಾಲಲ್ಲಿ ದೋಷ ಇರುತ್ತೆ, ರಿಜೆಕ್ಷನ್ ಆಗುತ್ತೆ, ಅವರಿಗೂ ಅವರ ಗಿರಾಕಿಗಳಿಂದ, ಕೆಲವೊಮ್ಮೆ ಸರ್ಕಾರದಿಂದಲೇ, ದುಡ್ಡು ತಡವಾಗಿ ಬರುತ್ತೆ. ನಿಜ. ದೋಷಕ್ಕೆ ಕಾಯ್ದೆಯಲ್ಲೇ ದಾರಿ ಇದೆ: 15 ದಿನದೊಳಗೆ ಬರಹದಲ್ಲಿ ತಕರಾರು ಹೇಳಿ. ನಾಲ್ಕು ತಿಂಗಳು ಮೌನವಾಗಿರೋದು ತಕರಾರು ಅನ್ನಿಸಿಕೊಳ್ಳಲ್ಲ. ಸರ್ಕಾರ ತಡಮಾಡೋದಾದ್ರೆ ಸುಧಾರಣೆ ಅಲ್ಲಿಂದಲೇ ಶುರುವಾಗಲಿ. ಯುರೋಪ್ ಒಕ್ಕೂಟ 2011ರಲ್ಲಿ ಮಾಡಿದ ನಿಯಮದಲ್ಲಿ ಸರ್ಕಾರಿ ಕಚೇರಿಗಳಿಗೆ ಸಾಮಾನ್ಯವಾಗಿ 30 ದಿನ, ಖಾಸಗಿಯವರಿಗೆ 60 ದಿನ ಇಟ್ಟಿದ್ದಾರೆ. ದೊರೆಗೆ ಗಡುವು ಹೆಚ್ಚು ಬಿಗಿ.

ನನ್ನ ಕಾಮರ್ಸ್ ಬುದ್ಧಿಗೆ ತೋಚೋ ಪರಿಹಾರ ಇದು. ಬಿಲ್ಲಿನ ದಿನಾಂಕ ಜಿಎಸ್‌ಟಿ ವ್ಯವಸ್ಥೆಗೆ ಗೊತ್ತು. ಹಣ ಹೋದ ದಿನಾಂಕ ಬ್ಯಾಂಕಿಗೆ ಗೊತ್ತು. ಎರಡನ್ನೂ ಜೋಡಿಸಿ. ಸಣ್ಣ ಉದ್ಯಮದ ಬಿಲ್ಲಿಗೆ ಆ 180 ದಿನದ ಗಡುವನ್ನ 45ಕ್ಕೆ ಇಳಿಸಿ. ತಕರಾರು ಇಲ್ಲದ ಬಿಲ್ 15 ದಿನ ಆದ ಮೇಲೆ ತಾನಾಗೇ ಟ್ರೆಡ್ಸಿಗೆ ಹೋಗಲಿ. ಆಗ ಅಪ್ಪನಂಥವರು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ, ಯಾರ ಮೇಲೂ ದೂರು ಹೇಳಬೇಕಿಲ್ಲ.

ಸಂಶೋಧನೆಗೆ ನಾವು ಖರ್ಚು ಮಾಡೋದು ಜಿಡಿಪಿಯ ಶೇ 0.64ರಷ್ಟು. ದಕ್ಷಿಣ ಕೊರಿಯಾ ಹೆಚ್ಚುಕಡಿಮೆ ಶೇ 5. ಖಾಸಗಿ ಸಂಶೋಧನೆಗೆ ಅಂತ 2025ರಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಬೇಕಾಗಿದ್ದೇ. ಆದ್ರೆ ನಮ್ಮ ತುಮಕೂರು ರಸ್ತೆಯಲ್ಲೇ 1962ರಿಂದ ಸಿಎಂಟಿಐ ಇದೆ, ಯಂತ್ರೋಪಕರಣದ ಸಂಶೋಧನೆಗೇ ಇರೋ ಕೇಂದ್ರ ಸರ್ಕಾರಿ ಸಂಸ್ಥೆ. ಅಪ್ಪ ಇಪ್ಪತ್ತು ವರ್ಷದಿಂದ ಅದರ ಗೇಟಿನ ಮುಂದೆ ಸ್ಕೂಟರಲ್ಲಿ ಓಡಾಡಿದ್ದಾರೆ, ಒಂದು ಸಲವೂ ಒಳಗೆ ಹೋಗಿಲ್ಲ. ಅವರ ಮಧ್ಯಾಹ್ನಗಳೆಲ್ಲ ಪೇಮೆಂಟ್ ಕೇಳೋದ್ರಲ್ಲೇ ಹೋಯ್ತು. ಬೇರೆಯವರ ರಿಸೆಪ್ಷನ್ನಲ್ಲಿ ಕೂತು ಕಾಯೋ ಮನುಷ್ಯನ ತಲೆಗೆ ಹೊಸದು ಹೊಳೆಯೋಕೆ ಪುರುಸೊತ್ತು ಎಲ್ಲಿ?

ಕೊನೇ ಮಾತು. ಈ ಕಂತು ಮಾಡ್ತೀನಿ ಅಂದಾಗ ಅಪ್ಪ ಒಪ್ಪಿದ್ರು, ಒಂದೇ ಕಂಡೀಷನ್: "ಪಾರ್ಟಿ ಹೆಸರು ಮಾತ್ರ ಎತ್ತಬೇಡಮ್ಮ." ಎತ್ತಿಲ್ಲ. ನಮ್ಮ ದುಡ್ಡು ನಾವು ಕೇಳೋಕೆ, ಕೊಡಬೇಕಾದವರ ಹೆಸರು ಹೇಳೋಕೆ ಭಯ ಇಲ್ಲದ ದಿನ ಬಂದ್ರೆ, ರ‍್ಯಾಂಕ್ ಎಷ್ಟು ಅಂತ ನಾನಂತೂ ನೋಡೋಕೆ ಹೋಗಲ್ಲ.

ನಿಮ್ಮಲ್ಲೂ ಯಾರಾದ್ರೂ ಹೀಗೆ ಬಿಲ್ ಹಿಡ್ಕೊಂಡು ಕಾಯ್ತಿದ್ರೆ, ಮೊದಲು ಉದ್ಯಮ್ ನೋಂದಣಿ ಮಾಡಿಸಿ, ಬಿಲ್ಲಿನ ಮೇಲೆ ಆ ನಂಬರ್ ಹಾಕಿಸಿ.